ಹಳೆಯ ಕಾರಿನ ಬೋಲ್ಟು ಗುಜರಿಗಲ್ಲ

ಅರವತ್ತರ ದಶಕದ ಅಂಬಾಸಿಡರ್ ಕಾರೊಂದನ್ನು ಪೂರ್ತಿ ಬಿಚ್ಚಿದರೆ ಬಂಪರು, ಗ್ರಿಲ್ಲು, ದೀಪದ ಬಳೆ, ಬಾಗಿಲ ಹಿಡಿಗಳ ಜೊತೆಗೆ ಬಕೆಟ್ಟು ತುಂಬುವಷ್ಟು ಚಿಲ್ಲರೆ ಲೋಹವೂ ಹೊರಬರುತ್ತದೆ. ನಟ್ಟು, ಬೋಲ್ಟು, ವಾಷರು, ಕ್ಲಿಪ್ಪು, ಸ್ಪ್ರಿಂಗು, ಕೀಲು, ಹತ್ತಾರು ಬಗೆಯ ಸ್ಕ್ರೂ. ಕಾರಿನ ಮಾಲೀಕರ ಹಣ ಮತ್ತು ಗಮನವೆಲ್ಲ ಎಂಜಿನ್ನಿಗೆ, ಬಣ್ಣಕ್ಕೆ, ಸೀಟಿನ ಹೊದಿಕೆಗೆ ಹೋಗುತ್ತದೆ. ಬಕೆಟ್ಟು ಗ್ಯಾರೇಜಿನ ಮೂಲೆಯಲ್ಲಿ ಉಳಿಯುತ್ತದೆ. ಕೊನೆಗೆ ಕಾರು ಜೋಡಿಸುವ ದಿನ ಬಂದಾಗ ಯಾರೋ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳನ್ನು ಕಟ್ಟಿಸಿಕೊಂಡು ಬರುತ್ತಾರೆ. ಬಕೆಟ್ಟಿನಲ್ಲಿದ್ದದ್ದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ.

ನಮ್ಮಲ್ಲಿ ಹಳೆಯ ವಾಹನಗಳ ಪುನರುಜ್ಜೀವನದ ಹೆಸರಿನಲ್ಲಿ ಆಗುತ್ತಿರುವ ದೊಡ್ಡ ನಷ್ಟ ಇದೇ. ಬಣ್ಣವನ್ನು ಮತ್ತೆ ಹೊಡೆಯಬಹುದು, ಸೀಟನ್ನು ಮತ್ತೆ ಹೊಲಿಸಬಹುದು. ಕಾರ್ಖಾನೆಯಿಂದ ಆ ಕಾರಿನ ಜೊತೆಗೇ ಬಂದ ಬೋಲ್ಟು ಒಮ್ಮೆ ಕುಲುಮೆ ಸೇರಿದರೆ ಮುಗಿಯಿತು. ಅದನ್ನು ಉಳಿಸಿಕೊಳ್ಳಲು ದೊಡ್ಡ ಯಂತ್ರ ಬೇಡ, ಲಕ್ಷಗಟ್ಟಲೆ ಖರ್ಚೂ ಬೇಡ. ಮನೆಯ ಹಿತ್ತಿಲಲ್ಲಿ, ಗಾಳಿಯಾಡುವ ಜಾಗದಲ್ಲಿ, ಕಿರಾಣಿ ಅಂಗಡಿಯ ಸಾಮಾನುಗಳಿಂದಲೇ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಉಳಿದ ಕಾಲು ಪಾಲನ್ನು ಮನೆಯಲ್ಲಿ ಮಾಡಲೇಬಾರದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಹವ್ಯಾಸಿಗಳಿಗೂ, ಅವರಿಗೆ ದಾರಿ ತೋರಿಸಬೇಕಾದ ಕ್ಲಬ್ಬು ಮತ್ತು ಇಲಾಖೆಗಳಿಗೂ ಸ್ಪಷ್ಟವಾಗಬೇಕು.

ಸಣ್ಣ ಬೋಲ್ಟಿನಲ್ಲಿ ಅಂಥದ್ದೇನಿದೆ ಎಂದು ಕೇಳುವವರು ಅದರ ತಲೆಯನ್ನೊಮ್ಮೆ ನೋಡಬೇಕು. ತಯಾರಕರ ಗುರುತು ಅಲ್ಲಿ ಅಚ್ಚಾಗಿರುತ್ತದೆ. ಇಂಗ್ಲೆಂಡಿನಲ್ಲಿ ಹಳೆಯ ಜಾಗ್ವಾರ್, ಎಂ.ಜಿ. ಕಾರುಗಳನ್ನು ಸಂರಕ್ಷಿಸುವವರು ಜಿ.ಕೆ.ಎನ್. ಎಂಬ ಅಕ್ಷರಗಳಿರುವ ಮೂಲ ಬೋಲ್ಟಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾರೆ. ನಮ್ಮ ದೇಶದ ಹಳೆಯ ವಾಹನಗಳಲ್ಲೂ ಹೌರಾದ ಗೆಸ್ಟ್ ಕೀನ್ ವಿಲಿಯಮ್ಸ್ ಕಂಪನಿಯ ಗುರುತು, 1966ರಲ್ಲಿ ಆರಂಭವಾದ ಸುಂದರಂ ಫಾಸ್ಟನರ್ಸ್‌ನ ಟಿ.ವಿ.ಎಸ್. ಗುರುತು ಸಿಗುತ್ತವೆ. ಸ್ವಾತಂತ್ರ್ಯ ಬಂದ ಮೇಲೆ ಭಾರತ ತನ್ನ ಬೋಲ್ಟುಗಳನ್ನು ತಾನೇ ಮಾಡಿಕೊಳ್ಳಲು ಕಲಿತ ಚರಿತ್ರೆ ಅರ್ಧ ಇಂಚಿನ ಆ ತಲೆಯ ಮೇಲಿದೆ.

ಥ್ರೆಡ್ಡಿನದೂ ಅಷ್ಟೇ ಮಹತ್ವ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ. ಹಾಗಾಗಿ ಅದರ ಹಳೆಯ ಬೋಲ್ಟುಗಳು ಇಂಚಿನ ಲೆಕ್ಕದವು. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100, ಅಲ್ಲಿ ಮೆಟ್ರಿಕ್ ಅಳತೆ. ಮೈಸೂರಿನಲ್ಲಿ ತಯಾರಾದ ಜಾವಾ ಬೈಕಿನ ಬೇರು ಚೆಕೊಸ್ಲೊವಾಕಿಯಾದಲ್ಲಿ, ಅದೂ ಮೆಟ್ರಿಕ್. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಥ್ರೆಡ್ಡು ಹಾಳಾಗುತ್ತದೆ. ಇಂಚಿನ ಮೂಲ ಬೋಲ್ಟನ್ನು ಬಿಸಾಡಿ ರಂಧ್ರವನ್ನೇ ಮೆಟ್ರಿಕ್ಕಿಗೆ ಕೊರೆಸಿಕೊಂಡ ಕಾರುಗಳು ನಮ್ಮ ರಸ್ತೆಗಳಲ್ಲಿ ಇವೆ. ಆ ಲೋಹ ಮತ್ತೆ ಮೊದಲಿನಂತಾಗುವುದಿಲ್ಲ.

ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಅದೇ ಉತ್ತಮ ಎಂಬ ನಂಬಿಕೆ ಬಲವಾಗಿದೆ. ಲೆಕ್ಕ ಬೇರೆ ಹೇಳುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಮುರಿಯುವ ಒತ್ತಡ ಸುಮಾರು 700 ಮೆಗಾಪ್ಯಾಸ್ಕಲ್, ಅದು ಶಾಶ್ವತವಾಗಿ ಹಿಗ್ಗಲು ಶುರುವಾಗುವುದು 450ಕ್ಕೆ. ಸಾದಾ 8.8 ದರ್ಜೆಯ ಉಕ್ಕಿನ ಬೋಲ್ಟಿಗೆ ಇವೇ ಅಂಕಿಗಳು 800 ಮತ್ತು 640. ನೋಡಲು ಚೆಂದವೆಂದು ಸಸ್ಪೆನ್ಷನ್ನಿಗೆ, ಸ್ಟಿಯರಿಂಗಿಗೆ ಸ್ಟೇನ್‌ಲೆಸ್ ಹಾಕಿದವರು ಮೂಲಕ್ಕಿಂತ ಮೆತ್ತಗಿನ ಬೋಲ್ಟು ಹಾಕಿದಂತಾಯಿತು. ಅಲ್ಯೂಮಿನಿಯಂ ಭಾಗಕ್ಕೆ ಅದನ್ನು ಬಿಗಿದರೆ ಮಳೆಗಾಲದ ತೇವದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೇ ಕಚ್ಚಿಕೊಂಡು ಬಿಚ್ಚಲಾಗದೆ ಕತ್ತರಿಸಬೇಕಾಗಿ ಬರುವುದೂ ಉಂಟು.

ಕ್ರೋಮಿನ ಮೋಹ ಇನ್ನೊಂದು ತೊಡಕು. ಕಾರುಗಳ ಮೇಲೆ ಕ್ರೋಮ್ ಬಂದದ್ದೇ 1920ರ ದಶಕದ ಮಧ್ಯದಲ್ಲಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ಮತ್ತು ಅವರ ಸಂಗಡಿಗರು ಈ ಲೇಪನವನ್ನು ಕಾರ್ಖಾನೆಗೆ ಒಗ್ಗುವಂತೆ ಮಾಡಿದ ಮೇಲೆ ಅದು ಹರಡಿತು. ಅದಕ್ಕೂ ಮುಂಚೆ ಹಿತ್ತಾಳೆ, ಆಮೇಲೆ ನಿಕಲ್. ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರು 1916ರವರೆಗೆ ಹಿತ್ತಾಳೆಯದಾಗಿತ್ತು. ನಿಕಲ್ಲಿನ ಹೊಳಪಿನಲ್ಲಿ ಸ್ವಲ್ಪ ಹಳದಿಯ ಬೆಚ್ಚಗಿನ ಛಾಯೆ ಇದೆ, ಕ್ರೋಮಿನದು ತಣ್ಣನೆಯ ನೀಲಿ ಹೊಳಪು. 1922ರ ಕಾರಿನ ದೀಪಕ್ಕೆ ಕ್ರೋಮ್ ಮಾಡಿಸಿದರೆ ಅದು ಎಷ್ಟೇ ಮಿಂಚಿದರೂ ಆ ಕಾಲದ್ದಲ್ಲ. ಬಾನೆಟ್ಟಿನ ಒಳಗಂತೂ ಕಾರ್ಖಾನೆಯವರು ಹೊಳಪಿಗೆ ಗಮನವನ್ನೇ ಕೊಟ್ಟಿರಲಿಲ್ಲ. ಅಲ್ಲಿ ಕಪ್ಪು ಫಾಸ್ಫೇಟ್, ಮಾಸಲು ಜಿಂಕ್, ಬೂದುಬಣ್ಣದ ಕ್ಯಾಡ್ಮಿಯಂ, ಕೆಲವೆಡೆ ಬರೀ ಎಣ್ಣೆ ಸವರಿದ ಉಕ್ಕು. ಒಂದು ಕಾರಿನಲ್ಲೇ ಐದಾರು ಬಗೆಯ ಮೈಬಣ್ಣದ ಬೋಲ್ಟುಗಳು ಇರುತ್ತಿದ್ದವು. ಎಲ್ಲವನ್ನೂ ಒಂದೇ ಬಗೆಯಲ್ಲಿ ಹೊಳೆಯಿಸಿದರೆ ಆ ವೈವಿಧ್ಯವೆಲ್ಲ ಅಳಿಸಿಹೋಗುತ್ತದೆ.

ಜಗತ್ತು ಈಗ ಮೂಲವನ್ನು ಉಳಿಸಿಕೊಳ್ಳುವ ಕಡೆಗೆ ತಿರುಗುತ್ತಿದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ನಡೆಯುವ ಕಾರು ಸ್ಪರ್ಧೆಗೆ ಈ ಕ್ಷೇತ್ರದಲ್ಲಿ ಅತಿ ದೊಡ್ಡ ಮಾನ್ಯತೆ ಇದೆ. ಹೊಸದಕ್ಕಿಂತ ಹೊಸದಾಗಿ ಕಾಣುವಂತೆ ಮಾಡಿದ ಕಾರುಗಳೇ ಅಲ್ಲಿ ದಶಕಗಳ ಕಾಲ ಗೆದ್ದವು. 2024ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ, ಪುನರ್ನಿರ್ಮಾಣ ಮಾಡದೆ ಹಾಗೇ ಕಾಪಾಡಿಕೊಂಡು ಬಂದ ಕಾರೊಂದಕ್ಕೆ ಅತ್ಯುನ್ನತ ಪ್ರಶಸ್ತಿ ಸಿಕ್ಕಿತು. ಅದು 1934ರ ಬುಗಾಟಿ ಟೈಪ್ 59, ರೇಸಿನಲ್ಲಿ ಓಡಿ ಆಮೇಲೆ ಬೆಲ್ಜಿಯಂ ದೊರೆ ಮೂರನೇ ಲಿಯೊಪೋಲ್ಡ್ ಅವರ ಕೈಸೇರಿದ್ದ ಕಾರು. ಅದರ ಬಣ್ಣ ಮಾಸಿದೆ, ಲೋಹದ ಮೇಲೆ ವಯಸ್ಸು ಕಾಣುತ್ತದೆ. ತೀರ್ಪುಗಾರರು ಅದನ್ನೇ ಮೆಚ್ಚಿದರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಇದನ್ನೇ ಹೇಳುತ್ತದೆ: ಮೊದಲು ಕಾಪಾಡಿ, ಸಾಧ್ಯವಾಗದಿದ್ದರೆ ಮಾತ್ರ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ.

ನಮ್ಮ ಕಾನೂನು ಕೂಡ ಅದೇ ದಿಕ್ಕಿನಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000 ರೂಪಾಯಿ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಎಪ್ಪತ್ತರ ದಶಕದ ಆರಂಭದ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೆಲ್ಲ ಈಗ ಆ ಸಾಲಿಗೆ ಬಂದಿವೆ. ಇವು ಅರಮನೆಯ ಕಾರುಗಳಲ್ಲ. ಡಾಕ್ಟರು, ಮೇಷ್ಟ್ರು, ಕಾಫಿ ತೋಟದವರು, ಟ್ಯಾಕ್ಸಿ ಚಾಲಕರು ಓಡಿಸಿದವು. ಇವುಗಳನ್ನು ಉಳಿಸಿಕೊಳ್ಳಲು ಹೊರಟವರೂ ಸಾಮಾನ್ಯ ಸಂಬಳದವರೇ. ಅಂಥವರಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಗೊತ್ತಿದ್ದರೆ ಕಾರು ಉಳಿಯುತ್ತದೆ.

ಕೆಲಸದ ಮೊದಲ ಹೆಜ್ಜೆಯಲ್ಲಿ ರಾಸಾಯನಿಕವೇ ಇಲ್ಲ. ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೊ ತೆಗೆಯಬೇಕು, ಬಿಚ್ಚಿದ್ದನ್ನು ಜಾಗದ ಹೆಸರು ಬರೆದ ಪ್ರತ್ಯೇಕ ಡಬ್ಬಿಗಳಲ್ಲಿ ಇಡಬೇಕು. ವಾಷರಿನ ಅಡಿಯಲ್ಲಿ, ಬೋಲ್ಟಿನ ಕತ್ತಿನಲ್ಲಿ, ಗಾಳಿ ತಾಗದ ಜಾಗದಲ್ಲಿ ಮೂಲ ಲೇಪನದ ಒಂದು ಚೂರು ಉಳಿದಿರುತ್ತದೆ. ಅದು ಕಪ್ಪೋ, ಬೆಳ್ಳಿಯೋ, ಹಳದಿಯೋ ಎಂದು ಬರೆದಿಟ್ಟುಕೊಂಡ ಮೇಲೆಯೇ ಉಜ್ಜಲು ಕೈಹಾಕಬೇಕು. ಅವಸರದಲ್ಲಿ ಗ್ರೈಂಡರಿನ ತಂತಿ ಚಕ್ರಕ್ಕೆ ಒಡ್ಡಿದರೆ ಆ ಸುಳಿವಿನ ಜೊತೆಗೆ ತಲೆಯ ಮೇಲಿನ ಅಕ್ಷರವೂ ಸವೆದುಹೋಗುತ್ತದೆ.

ಎಣ್ಣೆ ಜಿಡ್ಡನ್ನು ಡೀಸೆಲ್ಲಿನಲ್ಲಿ ತೊಳೆದು, ಸೋಪಿನ ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆದ ಮೇಲೆ ತುಕ್ಕಿನ ಸರದಿ. ಇಲ್ಲಿ ಅಡುಗೆಮನೆಯೇ ದೊಡ್ಡ ಸಹಾಯ. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಲೀಟರ್ ನೀರಿಗೆ 50 ಗ್ರಾಂನಷ್ಟು ಕರಗಿಸಿ ಬೋಲ್ಟುಗಳನ್ನು ಕೆಲವು ಗಂಟೆ ಮುಳುಗಿಸಿಟ್ಟರೆ ತುಕ್ಕು ಸಡಿಲಗೊಂಡು ಬ್ರಷ್ಷಿಗೆ ಬಿಟ್ಟುಬರುತ್ತದೆ. ಮರೆತು ದಿನಗಟ್ಟಲೆ ಬಿಟ್ಟರೆ ತುಕ್ಕು ಮುಗಿದ ಮೇಲೆ ಆಮ್ಲ ಉಕ್ಕನ್ನೇ ತಿನ್ನಲು ಶುರುಮಾಡುತ್ತದೆ, ಹಾಗಾಗಿ ಆಗಾಗ ತೆಗೆದು ನೋಡುತ್ತಿರಬೇಕು. ಹೊರತೆಗೆದ ಕೂಡಲೇ ಬಟ್ಟೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಬರಿಮೈಯ ಉಕ್ಕು ಹತ್ತು ನಿಮಿಷದಲ್ಲಿ ಮತ್ತೆ ಕೆಂಪಗಾಗುತ್ತದೆ.

ಅವಸರವಿಲ್ಲದವರಿಗೆ ಕಾಕಂಬಿ ಇದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ತಾನೇ ಕಳಚುತ್ತದೆ. ಹಳೆಯ ಕಾರಿನವರು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ದಶಕಗಳಿಂದ ಬಳಸುತ್ತಿರುವ ವಿಧಾನ ಇದು. ಅವರು ಪಶು ಆಹಾರದ ಅಂಗಡಿಯಿಂದ ಕಾಕಂಬಿ ತರುತ್ತಾರೆ. ಸಕ್ಕರೆ ಕಾರ್ಖಾನೆಗಳ ನಾಡಾದ ಮಂಡ್ಯ, ಬೆಳಗಾವಿ, ಬಾಗಲಕೋಟೆಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಅದರಲ್ಲಿರುವ ಸಾವಯವ ಅಂಶಗಳು ಕಬ್ಬಿಣದ ತುಕ್ಕನ್ನು ಹಿಡಿದು ಕರಗಿಸುತ್ತವೆ, ಗಟ್ಟಿ ಉಕ್ಕಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ವಾಸನೆ ಮಾತ್ರ ತಡೆಯುವುದು ಕಷ್ಟ. ಮನೆಯಿಂದ ದೂರದಲ್ಲಿ, ಮುಚ್ಚಳ ಹಾಕಿ ಇಡುವುದು ಒಳ್ಳೆಯದು.

ಹೆಚ್ಚು ತುಕ್ಕು ಹಿಡಿದ ದೊಡ್ಡ ಭಾಗಗಳಿಗೆ ವಿದ್ಯುತ್ ವಿಧಾನ ಒಗ್ಗುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಐದು ಲೀಟರಿಗೆ ಒಂದು ಚಮಚದಷ್ಟು ಬಟ್ಟೆ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರು. ತುಕ್ಕು ಹಿಡಿದ ಭಾಗ ಋಣ ತಂತಿಗೆ, ಬೇಡವಾದ ಸಾದಾ ಕಬ್ಬಿಣದ ತುಂಡು ಧನ ತಂತಿಗೆ. ಇಲ್ಲಿ ಎರಡು ಎಚ್ಚರಿಕೆಗಳನ್ನು ಯಾರೂ ಮರೆಯುವಂತಿಲ್ಲ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇದೆ, ಒಂದು ಕಿಡಿ ತಾಗಿದರೂ ಸಿಡಿಯುತ್ತದೆ. ಹಾಗಾಗಿ ಈ ಕೆಲಸ ಬಯಲಲ್ಲೇ ಆಗಬೇಕು. ಎರಡನೆಯದು, ಧನ ತಂತಿಗೆ ಹಳೆಯ ಸ್ಟೀಲ್ ಚಮಚ, ತಟ್ಟೆ ಕಟ್ಟಬಾರದು. ಸ್ಟೇನ್‌ಲೆಸ್ಸಿನೊಳಗಿನ ಕ್ರೋಮಿಯಂ ಕರಗಿ ಹೆಕ್ಸಾವೇಲೆಂಟ್ ಎಂಬ ವಿಷದ ರೂಪ ತಾಳಬಹುದು. ನೀರು ಹಳದಿಯಾದರೆ ಅದೇ ಸೂಚನೆ.

ಹಿತ್ತಾಳೆಯ ಹಾರ್ನು, ದೀಪ, ಹೆಸರು ಫಲಕಗಳಿಗೆ ಹುಣಸೆಹಣ್ಣೇ ಸಾಕು. ದೇವರ ಮನೆಯ ದೀಪ ಬೆಳಗುವ ಕೈಗಳಿಗೆ ಗೊತ್ತಿರುವ ವಿದ್ಯೆ ಅದು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಆದರೆ ರಾತ್ರಿಯಿಡೀ ನೆನೆಸಿಟ್ಟರೆ ಹಿತ್ತಾಳೆಯೊಳಗಿನ ಜಿಂಕ್ ಮೊದಲು ಕರಗಿ ಮೇಲ್ಮೈ ತಾಮ್ರದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಉಜ್ಜಿ ಕೂಡಲೇ ತೊಳೆಯಬೇಕು.

ಯಾವುದನ್ನು ಮುಳುಗಿಸಬಾರದು ಎಂಬ ತಿಳಿವಳಿಕೆಯೂ ಇಷ್ಟೇ ಮುಖ್ಯ. ಹಳೆಯ ಕಾರುಗಳ ಬಾಗಿಲ ಹಿಡಿ, ಲಾಂಛನ, ಹಲವು ಕಾರ್ಬ್ಯುರೇಟರುಗಳ ಮೈ ಜಿಂಕ್ ಪ್ರಧಾನವಾದ ಎರಕದ ಮಿಶ್ರಲೋಹ. ಮೇಲೆ ಕ್ರೋಮ್ ಇದ್ದು ಅಲ್ಲಲ್ಲಿ ಬೊಬ್ಬೆ ಎದ್ದಿದ್ದರೆ ಒಳಗಿನ ಲೋಹ ಕೊಳೆಯುತ್ತಿದೆ ಎಂದರ್ಥ. ಆಮ್ಲಕ್ಕೆ ಹಾಕಿದರೆ ಮಿಕ್ಕದ್ದೂ ಕರಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಸೋಡಾ ಕೂಡ ಶತ್ರು. ಇವಕ್ಕೆ ಸೋಪಿನ ನೀರು, ಮೆತ್ತಗಿನ ಬ್ರಷ್ಷು, ಪಾಲಿಶ್, ತಾಳ್ಮೆ ಇಷ್ಟೇ ಮದ್ದು.

ತುಕ್ಕು ಹೋದ ಉಕ್ಕಿಗೆ ಮತ್ತೆ ಹೊದಿಕೆ ಬೇಕು. ಕಪ್ಪು ಮೈಯ ಬೋಲ್ಟುಗಳಿಗೆ ಫಾಸ್ಫೇಟ್ ಲೇಪ ಮನೆಯಲ್ಲಿ ಸಾಧ್ಯ. ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣಗಳು ಬಣ್ಣದ ಅಂಗಡಿಗಳಲ್ಲಿ ಸಿಗುತ್ತವೆ. ಲೋಹದ ಮೇಲೆ ಬೂದುಗಪ್ಪಿನ ಹರಳಿನ ಪದರ ಕೂರುತ್ತದೆ, ಅದು ಎಣ್ಣೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಫಾಸ್ಫೇಟ್ ತುಕ್ಕನ್ನು ತಡೆಯುವುದಿಲ್ಲ, ಎಣ್ಣೆ ಸೇರಿದರೆ ಮಾತ್ರ ತಡೆಯುತ್ತದೆ. ಬಾನೆಟ್ಟಿನೊಳಗಿನ ಬೋಲ್ಟುಗಳಿಗೆ ಇಷ್ಟು ಧಾರಾಳವಾಗಿ ಸಾಕು.

ಬೆಳ್ಳಿ ಬಣ್ಣದವುಗಳಿಗೆ ಜಿಂಕ್. ಜಿಂಕ್ ಸಲ್ಫೇಟ್ ನಮ್ಮ ರೈತರಿಗೆ ಹೊಸದಲ್ಲ, ಭತ್ತಕ್ಕೆ, ಮೆಕ್ಕೆಜೋಳಕ್ಕೆ ಹಾಕುತ್ತಾರೆ. ಗೊಬ್ಬರದ ದರ್ಜೆಯದರಲ್ಲಿ ಕಲಬೆರಕೆ ಲೋಹಗಳು ಇರುವುದರಿಂದ ಲೇಪನಕ್ಕೆ ಪ್ರಯೋಗಾಲಯದ ದರ್ಜೆಯದ್ದೇ ಬೇಕು. ಒಂದು ಶುದ್ಧ ಜಿಂಕ್ ಫಲಕ, ವಿದ್ಯುತ್ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಬಲ್ಲ ಸಣ್ಣ ಪವರ್ ಸಪ್ಲೈ ಇದ್ದರೆ ಉಳಿದದ್ದು ಫ್ಯಾರಡೆ ನಿಯಮದ ಲೆಕ್ಕ. ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಹೆಚ್ಚೆಂದರೆ 1.22 ಗ್ರಾಂ ಜಿಂಕ್ ಕೂರುತ್ತದೆ. 100 ಚದರ ಸೆಂಟಿಮೀಟರ್ ಮೇಲ್ಮೈಗೆ ಅದನ್ನು ಹಂಚಿದರೆ ಸುಮಾರು 17 ಮೈಕ್ರಾನ್ ದಪ್ಪ. ಬೋಲ್ಟಿಗೆ ಎಂಟು ಮೈಕ್ರಾನ್ ಸಾಕಾದ್ದರಿಂದ ಅರ್ಧ ಗಂಟೆಯ ಕೆಲಸ. ಅವಸರಪಟ್ಟು ಪ್ರವಾಹ ಹೆಚ್ಚಿಸಿದರೆ ಜಿಂಕ್ ಕಪ್ಪಗೆ, ಪುಡಿಪುಡಿಯಾಗಿ ಕೂತು ಒರೆಸಿದರೆ ಉದುರುತ್ತದೆ. ಹೊಳಪಿಗಿಂತ ಮುಖ್ಯವಾದದ್ದು ಜಿಂಕಿನ ಗುಣ: ಗೀರು ಬಿದ್ದರೂ ಅದು ತಾನು ಮೊದಲು ಸವೆದು ಕೆಳಗಿನ ಉಕ್ಕನ್ನು ಕಾಯುತ್ತದೆ.

ಇಷ್ಟರ ಮೇಲೆ ಹವ್ಯಾಸಿ ನಿಲ್ಲಬೇಕಾದ ಜಾಗ ಬರುತ್ತದೆ. ಆಮ್ಲದಲ್ಲಿ ಅದ್ದುವಾಗ, ವಿದ್ಯುತ್ ಹರಿಸುವಾಗ ಹುಟ್ಟುವ ಹೈಡ್ರೋಜನ್ ಪರಮಾಣುಗಳು ಗಟ್ಟಿ ಉಕ್ಕಿನೊಳಗೆ ನುಸುಳುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬಿಗಿದ ಮೇಲೆ ಗಂಟೆಗಳೋ ದಿನಗಳೋ ಕಳೆದು, ಯಾವ ಹೆಚ್ಚುವರಿ ಭಾರವೂ ಇಲ್ಲದೆ, ಬೋಲ್ಟು ಫಟ್ಟನೆ ಮುರಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಬೇ ಸೇತುವೆಯ ಹೊಸ ಪೂರ್ವ ಭಾಗದಲ್ಲಿ 2013ರ ಮಾರ್ಚ್‌ನಲ್ಲಿ ಆದದ್ದೂ ಇಂಥದ್ದೇ ಮುರಿತ. ಜಿಂಕ್ ಹೊದಿಸಿದ 96 ಅತಿಗಟ್ಟಿ ಉಕ್ಕಿನ ಸರಳುಗಳನ್ನು ಬಿಗಿದ ಕೆಲವೇ ದಿನಗಳಲ್ಲಿ 32 ಮುರಿದವು. ಅವು ಮೂರು ಇಂಚು ದಪ್ಪದವು, ಪರಿಣತ ಎಂಜಿನಿಯರುಗಳ ಮೇಲ್ವಿಚಾರಣೆಯಲ್ಲಿ ಹಾಕಿದವು. ಸಾದಾ 8.8 ದರ್ಜೆಯವರೆಗಿನ ಬೋಲ್ಟುಗಳಿಗೆ ಈ ಅಪಾಯ ತೀರ ಕಡಿಮೆ. 10.9 ಮತ್ತು ಅದಕ್ಕಿಂತ ಗಟ್ಟಿಯವಕ್ಕೆ, ಎಲ್ಲ ಬಗೆಯ ಸ್ಪ್ರಿಂಗುಗಳಿಗೆ ಅಪಾಯ ನಿಜ. ಕಾರ್ಖಾನೆಗಳಲ್ಲಿ ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ ಹೊರಹಾಕುತ್ತಾರೆ. ಮನೆಯಲ್ಲಿ ಅದನ್ನು ಖಾತ್ರಿಯಾಗಿ ಮಾಡಲು ಸಾಧ್ಯವಿಲ್ಲ.

ಆದ್ದರಿಂದ ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್, ಕನೆಕ್ಟಿಂಗ್ ರಾಡುಗಳ ಬೋಲ್ಟಿಗೆ ಮನೆಯ ಆಮ್ಲವೂ ಬೇಡ, ಲೇಪನವೂ ಬೇಡ. ಮೂಲದ ಮೇಲಿನ ಪ್ರೀತಿ ಇಲ್ಲಿ ಪ್ರಾಣಕ್ಕಿಂತ ದೊಡ್ಡದಲ್ಲ. ಅಲ್ಲಿ ಸರಿಯಾದ ದರ್ಜೆಯ, ಸರಿಯಾದ ಥ್ರೆಡ್ಡಿನ ಹೊಸ ಬೋಲ್ಟು ಹಾಕಿ, ಹಳೆಯದನ್ನು ಹೆಸರು ಬರೆದ ಡಬ್ಬಿಯಲ್ಲಿ ಕಾಪಾಡಬೇಕು.

ಇನ್ನು ಕ್ರೋಮ್. ಇದನ್ನು ಮನೆಯಲ್ಲಿ ಮಾಡುವುದು ಖಂಡಿತ ತಪ್ಪು. ಬಂಪರಿನ ಮೇಲೆ ಕಾಣುವ ಕ್ರೋಮ್ ಪದರದ ದಪ್ಪ ಅರ್ಧ ಮೈಕ್ರಾನಿನ ಆಸುಪಾಸು ಮಾತ್ರ, ತುಕ್ಕು ತಡೆಯುವುದು ಅದರ ಕೆಳಗಿನ ದಪ್ಪ ನಿಕಲ್. ಆ ಅರ್ಧ ಮೈಕ್ರಾನಿಗಾಗಿ ಬಳಸುತ್ತ ಬಂದಿರುವ ಕ್ರೋಮಿಕ್ ಆಮ್ಲದಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದರ ಮಂಜು ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಖಚಿತ ತೀರ್ಮಾನ. ಕ್ಯಾಡ್ಮಿಯಂ ಕೂಡ ಅದೇ ಮೊದಲ ಗುಂಪಿನಲ್ಲಿದೆ. ಹಳೆಯ ಬೋಲ್ಟಿನ ಮೇಲೆ ಮಾಸಲು ಬೂದಿ ಬಣ್ಣದ ಕ್ಯಾಡ್ಮಿಯಂ ಇದೆಯೆಂಬ ಅನುಮಾನ ಬಂದರೆ ಅದನ್ನು ಒಣಗಿರುವಾಗ ಉಜ್ಜಬಾರದು, ಕಾಯಿಸಬಾರದು. ಅದರ ಹೊಗೆ ಮತ್ತು ಧೂಳು ಮೂತ್ರಪಿಂಡವನ್ನೇ ಹಾಳುಮಾಡುತ್ತವೆ.

ಈ ವಿಷ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಕರ್ನಾಟಕದವರು ದೂರ ನೋಡಬೇಕಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇದೆಯೆಂದು ಮಾಲಿನ್ಯ ನಿಯಂತ್ರಣ ಮಂಡಳಿಗಳ ಪರೀಕ್ಷೆಗಳೇ ತೋರಿಸಿವೆ, ಅಲ್ಲಿನ ಲೇಪನ ಘಟಕಗಳಿಂದ ಸೋರಿದ್ದೇ ಅದಕ್ಕೆ ಮುಖ್ಯ ಕಾರಣ. ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿ ತೊಂಬತ್ತರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಲಕ್ಷಕ್ಕೂ ಹೆಚ್ಚು ಟನ್ ತ್ಯಾಜ್ಯ ದಶಕಗಳ ಕಾಲ ಬಯಲಲ್ಲೇ ಬಿದ್ದಿತ್ತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನದಂಡ. ಒಂದು ಬಕೆಟ್ ಕ್ರೋಮ್ ದ್ರಾವಣವನ್ನು ಹಿತ್ತಿಲಿಗೆ ಚೆಲ್ಲಿದರೆ ಆ ಮಿತಿಯನ್ನು ದಾಟಲು ನೆರೆಹೊರೆಯ ಒಂದು ಬಾವಿಗೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಲೆಕ್ಕ ಹಾಕಬಹುದು.

ಜಿಂಕ್ ದ್ರಾವಣ ಇದರಷ್ಟು ಘೋರವಲ್ಲ, ಆದರೂ ಚರಂಡಿಗೆ ಚೆಲ್ಲುವಂಥದ್ದಲ್ಲ. ಕೆರೆಯ ಮೀನಿಗೆ ಅದು ವಿಷ. ಬಟ್ಟೆ ಸೋಡಾ ಬೆರೆಸಿದರೆ ಜಿಂಕ್ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ. ಆ ಗಸಿಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಮುಂದೇನು? ಮನೆಯ ಅಪಾಯಕಾರಿ ತ್ಯಾಜ್ಯ ಒಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿತ್ತು. ಅಂಥ ಕೇಂದ್ರ ತನ್ನ ಬಡಾವಣೆಯಲ್ಲಿ ಎಲ್ಲಿದೆ ಎಂದು ಹೇಳಬಲ್ಲ ನಾಗರಿಕರನ್ನು ಕಾಣುವುದು ಕಷ್ಟ. ಬಣ್ಣ, ಬ್ಯಾಟರಿ, ಕೀಟನಾಶಕದ ಡಬ್ಬಿಗಳ ಜೊತೆಗೆ ಹವ್ಯಾಸಿಗಳ ಈ ಗಸಿಗೂ ಜಾಗ ಕೊಡಬೇಕಾದದ್ದು ನಗರ ಸಂಸ್ಥೆಗಳ ಕರ್ತವ್ಯ.

ಪರವಾನಗಿ ಇರುವ, ಕೊಳೆನೀರು ಶುದ್ಧೀಕರಿಸುವ ಲೇಪನ ಘಟಕಕ್ಕೆ ಕೆಲಸ ಒಪ್ಪಿಸುವುದು ಸರಿಯಾದ ದಾರಿ. ಅಲ್ಲೂ ಒಂದು ಕಷ್ಟವಿದೆ. ಅವರು ಸಾವಿರಾರು ಬಿಡಿಭಾಗಗಳನ್ನು ಒಂದೇ ಪೀಪಾಯಿಯಲ್ಲಿ ತಿರುಗಿಸಿ ಲೇಪಿಸುವವರು, ಒಂದು ಕಾರಿನ ನಾಲ್ಕು ಕಿಲೋ ಬೋಲ್ಟು ಅವರಿಗೆ ತಲೆನೋವು. ಹಳೆಯ ಕಾರಿನ ಕ್ಲಬ್ಬುಗಳು ಇಲ್ಲಿ ಮುಂದೆ ಬರಬೇಕು. ಹತ್ತು ಸದಸ್ಯರ ಬೋಲ್ಟುಗಳನ್ನು ಮನೆಯಲ್ಲೇ ತುಕ್ಕು ತೆಗೆದು, ವಿಂಗಡಿಸಿ, ಒಂದೇ ಬಾರಿಗೆ ಒಪ್ಪಿಸಿದರೆ ಘಟಕಕ್ಕೂ ಲಾಭ, ಸದಸ್ಯರಿಗೂ ಅಗ್ಗ. ಕೆಲಸದ ಹೆಚ್ಚಿನ ಬೆವರು ತಯಾರಿಯಲ್ಲೇ ಇರುವುದು, ಅದನ್ನು ಮನೆಯಲ್ಲಿ ಸುರಕ್ಷಿತವಾಗಿ ಮಾಡಬಹುದು. ಹಳದಿ ಛಾಯೆಯ ಜಿಂಕ್ ಬೇಕಾದವರು ಆ ಛಾಯೆಗೆ ಹೆಕ್ಸಾವೇಲೆಂಟ್ ಬದಲು ಟ್ರೈವೇಲೆಂಟ್ ಕ್ರೋಮಿಯಂ ಬಳಸುವ ಘಟಕವನ್ನೇ ಕೇಳಿ ಪಡೆಯಬೇಕು. ಬಣ್ಣ ಹೆಚ್ಚುಕಡಿಮೆ ಮೂಲದಂತೆಯೇ ಬರುತ್ತದೆ, ವಿಷ ಬಹಳ ಕಡಿಮೆ.

ಮೈಸೂರಿಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆ ಇದೆ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಅಲ್ಲಿ ನಡೆಯಿತು. ಜಾವಾ ಟ್ಯಾಂಕಿನ ಪಕ್ಕೆಯ ಕ್ರೋಮ್ ಮೈಸೂರಿನವರ ಕೈಕೆಲಸ. ಯಾವ ಬೋಲ್ಟಿಗೆ ಯಾವ ಲೇಪನ, ಯಾವ ಕ್ಲಿಪ್ಪು ಕಪ್ಪು, ಯಾವುದು ಬಿಳಿ ಎಂಬುದನ್ನು ಕೈಯಾರೆ ಮಾಡಿದವರು ಈಗ ಮುಪ್ಪಿನಲ್ಲಿದ್ದಾರೆ. ಅವರ ನೆನಪನ್ನು ಬರೆದಿಡುವ ಕೆಲಸವನ್ನು ಊರಿನ ಎಂಜಿನಿಯರಿಂಗ್ ಕಾಲೇಜೊಂದು ಒಂದು ಬೇಸಿಗೆಯಲ್ಲಿ ಮುಗಿಸಬಹುದು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕಟ್ಟಿಸಿರುವ ‘ಪಯಣ’ ಸಂಗ್ರಹಾಲಯಕ್ಕೆ ಕಾರು ನೋಡಲು ಸಾಕಷ್ಟು ಜನ ಬರುತ್ತಾರೆ. ಅಂಥ ಜಾಗದಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಿತ್ತಾಳೆ, ನಿಕಲ್, ಕ್ರೋಮ್, ಜಿಂಕ್, ಫಾಸ್ಫೇಟ್ ಬೋಲ್ಟುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಟ್ಟರೆ, ತಮ್ಮ ಮನೆಯ ಹಳೆಯ ಕಾರನ್ನು ಏನು ಮಾಡಬೇಕೆಂದು ಯೋಚಿಸುತ್ತಿರುವವರಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಐ.ಟಿ.ಐ.ಗಳಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಈ ವಿದ್ಯೆಯ ನಾಲ್ಕು ತರಗತಿ ಸೇರಿಸಿದರೆ ಅವರಿಗೊಂದು ಹೊಸ ದುಡಿಮೆಯೂ ಸಿಗುತ್ತದೆ.

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟವು. ಬೆಂಗಳೂರಿನ ಶಿವಾಜಿನಗರದಲ್ಲಿ ಇಂಥ ಕಾರುಗಳ ಮೈಯನ್ನು ಕತ್ತರಿಸಿ ಮಾರುವ ಕೆಲಸ ಎಂದಿನಂತೆ ನಡೆದಿದೆ. ಮನೆಯಲ್ಲಿ ಹಳೆಯ ಕಾರೋ ಜಾವಾ ಬೈಕೋ ಇರುವವರು, ಮುಂದಿನ ಬಾರಿ ಮೆಕ್ಯಾನಿಕ್ಕು ಬೋಲ್ಟಿನ ಬಕೆಟ್ಟನ್ನು ಗುಜರಿಗೆ ಹಾಕಲೇ ಎಂದು ಕೇಳಿದಾಗ ಬೇಡವೆನ್ನಲಿ. ಅದನ್ನು ಮನೆಗೆ ತಂದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಕಾಲು ಕಿಲೋ ನಿಂಬೆ ಉಪ್ಪಿನಿಂದ ಕೆಲಸ ಶುರುಮಾಡಲಿ.